ಮಜ್ಜೆಗಣ್ಣು ಕಂಡದ್ದು

ಹೊಟ್ಟೆಯ ಕ್ಯಾನ್ಸರ್ ಮೊಳಕೆಯಲ್ಲೇ ಸಿಕ್ಕವರ ಮೂಳೆಯೊಳಗೆ ಮಜ್ಜೆಗಣ್ಣು ಎಂಬ ಯಂತ್ರ ಏನನ್ನು ಕಂಡರೂ ಅವರಿಗೆ ಹೇಳಬಾರದೆಂದು ಆರೋಗ್ಯ ಮಂಡಳಿ ಆಜ್ಞೆ ಮಾಡಿತು. ಹಲವು ವರ್ಷ ಯಾರೂ ಹೇಳಲಿಲ್ಲ.

ಎರಡು ಸಾವಿರದ ಅರವತ್ತರ ಹುಬ್ಬಳ್ಳಿ. ವರ್ಷದ ತಪಾಸಣೆಗೆ ಬಂದು ಮಂಚದ ಮೇಲೆ ಮಲಗಿದ್ದ ದುರುಗವ್ವನ ಸೊಂಟದ ಸುತ್ತ ಆ ಯಂತ್ರದ ಬಳೆ ತಿರುಗುತ್ತಿತ್ತು. ಸೂಜಿಯಿಲ್ಲ, ನೋವಿಲ್ಲ. ಮೂಳೆಯೊಳಗೆ ರಕ್ತ ಹುಟ್ಟುವ ಮೆತ್ತನೆಯ ತಿರುಳೇ ಮಜ್ಜೆ. ಜಠರದ ಕ್ಯಾನ್ಸರ್ ಗಂಟು ಎಷ್ಟೇ ಚಿಕ್ಕದಿರಲಿ, ಒಮ್ಮೊಮ್ಮೆ ಅದರ ಕಣಗಳು ರಕ್ತದೊಡನೆ ಹರಿದು ಅಲ್ಲಿ ಸದ್ದಿಲ್ಲದೆ ಮನೆ ಮಾಡುತ್ತವೆ. ಅಂಥ ಒಂದೇ ಕಣವನ್ನೂ ಯಂತ್ರ ಹೊರಗಿನಿಂದಲೇ ಹಿಡಿಯುತ್ತಿತ್ತು. ಪರದೆ ಮಾತ್ರ ಮಲಗಿದವರಿಗೆ ಕಾಣದಂತೆ ಗೋಡೆಯ ಕಡೆ ತಿರುಗಿತ್ತು.

ದುರುಗವ್ವ ಡಿಪೋದಲ್ಲಿ ಬಸ್ಸು ತೊಳೆಯುವವಳು. ಹೋದ ವರ್ಷ ಬಾಯಿಂದ ನಳಿಕೆ ಇಳಿಸಿ ಅವಳ ಜಠರದ ಗಂಟನ್ನು ಕೆರೆದು ತೆಗೆದಿದ್ದರು. ಗುಣವಾದವರು ವಾರ್ಡಿಗೆಲ್ಲ ಫೇಡೆ ಹಂಚುವುದು ರೂಢಿ, ಹಂಚಿದ್ದಳು. ಅದೇ ರೋಗದಿಂದ ಗುಣವಾದ ಡಿಪೋದ ಜೊತೆಗಾತಿ ಶಾಂತವ್ವನೂ ಹಂಚಿದ್ದಳು. ಆಮೇಲೊಂದು ದಿನ ಬಕೆಟ್ ಎತ್ತುವಾಗ ಶಾಂತವ್ವನ ತೊಡೆಯ ಮೂಳೆ ಲಟಕ್ಕನೆ ಮುರಿಯಿತು. ಮೂಳೆಯೊಳಗಿನ ಕಣ ಹಿಂದಿನ ತಪಾಸಣೆಯಲ್ಲೇ ಕಂಡಿತ್ತೆಂದು ನರ್ಸೊಬ್ಬಳು ಬಾಯಿಬಿಟ್ಟಳು. ದೀಪಾವಳಿಗೆ ಶಾಂತವ್ವ ಇರಲಿಲ್ಲ.

"ಏನ್ ಕಾಣಾಕತ್ತೈತ್ರಿ ಡಾಕ್ಟರ್ ಬಾಯಾರ?"

ಯಂತ್ರ ಕಂಡುಹಿಡಿದ ಡಾ. ಮೃಣಾಲಿನಿ ಕಟಗೇರಿ ಗೋಡೆಯ ಬದಿಗೆ ಕೂತು ನೋಡುತ್ತಿದ್ದ ಪರದೆಯಿಂದ ಕಣ್ಣು ಕೀಳಲಿಲ್ಲ. "ಹೊಟ್ಟಿ ಚಲೋ ಐತಿ. ಏಳವ್ವಾ."

"ಹೊಟ್ಟಿ ಕೇಳಲಿಲ್ರಿ ನಾ. ಎಲುಬು ಕೇಳಿದೆ."

"ಅದನ್ನ ಹೇಳಾಕ ನನಗ ಹಕ್ಕಿಲ್ಲ."

"ಯಂತ್ರ ಮಾಡಿದಾಕಿ ನೀವು. ಎಲುಬು ನಂದು. ಹಕ್ಕು ಯಾರದ್ರಿ?"

ಮೃಣಾಲಿನಿ ಧ್ವನಿ ತಗ್ಗಿಸಿದರು. "ಎಲುಬಿಗೆ ಇಳಿದಿದ್ದಕ್ಕ ಮದ್ದು ಐತಿ, ಎಲ್ಲಾರಿಗೂ ಸಾಲೂದಿಲ್ಲವ್ವಾ. ಎಲುಬು ನೋಯಾಕ ಹತ್ತಿದವರಿಗಷ್ಟ ಅಂತ ಮಂಡಳಿ ಕಟ್ಟಳೆ. ನಾ ಒಪ್ಪದಿದ್ರ ಈ ಯಂತ್ರಕ್ಕ ಪರವಾನಗಿನ ಸಿಗ್ತಿರಲಿಲ್ಲ."

"ಅಂದ್ರ ಮುರಕೊಂಡು ಬರಬೇಕು."

ಮೃಣಾಲಿನಿ ಬಳೆಯ ತಿರುಗಾಟ ನಿಲ್ಲಿಸಿದರು. ಏನೂ ಇಲ್ಲದಿದ್ದರೆ ಈಕೆಯ ಮುಖ ಹೀಗೆ ಬಾಡುತ್ತಿತ್ತೇ? ತನ್ನ ಎಲುಬಿನೊಳಗೇ ತನ್ನನ್ನು ಕೂಡಿಹಾಕಿ ಬೀಗದ ಕೈಯನ್ನು ಯಾರೋ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಂತೆನಿಸಿತು ದುರುಗವ್ವನಿಗೆ. ಮೊಳಕೆಯಲ್ಲೇ ಕಾಣುವ ಯಂತ್ರ ಬಂದಿತ್ತು. ಬಡವರ ರೋಗ ಮರವಾಗುವವರೆಗೆ ಕಾಯುವ ಪದ್ಧತಿ ಹೋಗಿರಲಿಲ್ಲ.

ಅದೇ ತಪಾಸಣೆಗೆ ಹೊರಗೆ ಸರದಿಯಲ್ಲಿದ್ದ ಹೆಂಗಸರಲ್ಲೊಬ್ಬಳು ಬಾಗಿಲು ಬಡಿದಳು. "ಏ ದುರುಗಿ, ಅಲ್ಲೇ ಸಂಸಾರ ಹೂಡೀಯೇನ?"

"ಹೂಡೀನಿ. ನೀವೂ ಬರ್ರಿ ಒಳಗ. ನಿಮ್ಮ ಎಲುಬಿನ ಸುದ್ದೀನೂ ಈ ಗ್ವಾಡಿಗೆ ಹೇಳ್ಯಾರ."

ಬಾಗಿಲು ಕಿರ್ರೆಂದಿತು. ಒಬ್ಬೊಬ್ಬರಾಗಿ ಒಳಗೆ ಬಂದರು.

"ಇಳಿ ದುರುಗವ್ವ," ಎಂದರು ಮೃಣಾಲಿನಿ. "ನನ್ನ ಕೆಲಸ ಹೋಗ್ತೈತಿ. ಕೆಳಗ ಇಳಿ."

"ಪರದೆ ತಿರುವ್ರಿ," ಎಂದು ದುರುಗವ್ವ ಮಂಚದ ಅಂಚನ್ನು ಬಿಗಿಯಾಗಿ ಹಿಡಿದಳು. "ನಾ ಇಳಿಯಂಗಿಲ್ಲ."