ಶಂಕ್ರವ್ವ ಟೀಚರ್ ಮನೆಯ ಬೀಡಿಂಗ್ ಪಟ್ಟಿ

"ಬಳ್ಳಿದು ಹಾಕೂಣೋ, ಬರೇ ಗೆರಿದೋ? ನಿಮ್ಮ ಯಜಮಾನ್ರನ್ನ ಒಂದ್ ಮಾತು ಕೇಳಿಬಿಡ್ರಿ," ಎಂದ ಬಡಿಗ ಮಹಾಂತಪ್ಪ. ಅವನ ಕೈಯಲ್ಲಿ ಗೋಡೆ ಛತ್ತಿಗೆ ಕೂಡುವಲ್ಲಿ ಹೊಡೆಯುವ ಸಾಗವಾನಿ ಬೀಡಿಂಗ್ ಪಟ್ಟಿಯ ಎರಡು ತುಂಡುಗಳಿದ್ದವು. ಒಂದರ ಮೇಲೆ ಬಳ್ಳಿಯ ಕೆತ್ತನೆ, ಇನ್ನೊಂದರ ಮೇಲೆ ಸುಮ್ಮನೆ ಎರಡು ಗೆರೆ.

ಶಂಕ್ರವ್ವ ಟೀಚರ್ ನಕ್ಕಳು. "ಯಾವ ಯಜಮಾನ್ರು?"

"ಬಾಗಲದ ಮ್ಯಾಲ ಹೆಸರು ಐತೆಲ್ಲ, ಚನಬಸಪ್ಪ ಅಂತ."

"ಅದು ನಮ್ಮಪ್ಪನ ಹೆಸರ್ರಿ. ನೆನಪಿಗಂತ ಬರಸೇನಿ."

ಮಹಾಂತಪ್ಪ ನಾಲಗೆ ಕಚ್ಚಿಕೊಂಡ.

೧೯೯೮ರಲ್ಲಿ ಹಳಿಯಾಳದ ಈ ಮನೆ ಮುಗಿಯುವ ಹೊತ್ತಿಗೆ ಶಂಕ್ರವ್ವನಿಗೆ ನಲವತ್ತೊಂದು. ತಮ್ಮ, ತಂಗಿಯರ ಮದುವೆ ಮಾಡುವುದರಲ್ಲಿ ತನ್ನದನ್ನು ಮರೆತಿದ್ದಳು. ಬಣ್ಣ, ನೆಲದ ಫರಸಿ, ಕಿಟಕಿ ಎಲ್ಲವನ್ನೂ ಒಬ್ಬಳೇ ಆರಿಸಿದವಳು ಈ ಪಟ್ಟಿಯ ಮುಂದೆ ಯಾಕೋ ಸೋತಳು.

"ನೀವಾಗಿದ್ರ ಯಾವುದು ಹಾಕ್ತಿದ್ರಿ?"

"ಬಳ್ಳಿದು. ಜೀವ ಇದ್ಹಂಗ ಕಾಣತೈತಿ. ನಮ್ಮ ಮನ್ಯಾಗ ಬರೇ ಗ್ವಾಡಿರಿ. ಹೆಂಡ್ತಿ ತೀರಿಹೋದಮ್ಯಾಲ ಒಂದ್ ಮೊಳಿ ಸೈತ ಹೊಡದಿಲ್ಲ."

ಬಳ್ಳಿಯದೇ ಆಯಿತು.

ಐದು ದಿನ ಅವಳು ಶಾಲೆ ಬಿಟ್ಟೊಡನೆ ಓಡುನಡಿಗೆಯಲ್ಲಿ ಮನೆಗೆ ಬಂದಳು. ಆತ ಸ್ಟೂಲಿನ ಮೇಲೆ ನಿಂತು, ಪಟ್ಟಿಯ ತುದಿ ಓರೆಯಾಗಿ ಕೊಯ್ದು, ಪುಡಿ ಊದಿ, ಛತ್ತಿನ ಮೂಲೆಗೆ ಒತ್ತಿ ನೋಡುತ್ತಿದ್ದ. ಕೆಳಗಿನಿಂದ ಅವಳು ಪಟ್ಟಿ ಕೊಡುವಾಗ ಬೆರಳು ತಾಗಿದರೆ ಇಬ್ಬರೂ ಬೇರೆಲ್ಲೋ ನೋಡುತ್ತಿದ್ದರು.

ಆರನೆಯ ದಿನ ಗರಗಸದ ಸದ್ದಿರಲಿಲ್ಲ. ಮನೆ ಬಹಳ ಚಂದವಾಗಿತ್ತು. ಕರೆದು ತೋರಿಸಲು ಯಾರೂ ಇರಲಿಲ್ಲ.

ಮೂರು ದಿನ ತಡೆದುಕೊಂಡಳು. ನಾಲ್ಕನೆಯ ದಿನ ಅವನ ಅಂಗಡಿಗೇ ಹೋಗಿ, "ಮೂಲ್ಯಾಗ ಸಂದಿ ಬಿಟ್ಟೈತ್ರಿ," ಎಂದಳು.

ಮಹಾಂತಪ್ಪ ಬಂದ. ಸ್ಟೂಲ್ ಏರಿ ನಾಲ್ಕೂ ಮೂಲೆಗೆ ಬೆರಳಾಡಿಸಿದ. ಒಂದು ಕೂದಲು ತೂರುವಷ್ಟೂ ಸಂದಿಯಿರಲಿಲ್ಲ.

"ಎಲ್ಲೈತ್ರಿ ಟೀಚರ?"

"ಇಲ್ರಿ," ಎಂದಳು, ಸುಳ್ಳು ಹೇಳಿ ಸಿಕ್ಕಿಬಿದ್ದ ತನ್ನ ಶಾಲೆಯ ಹುಡುಗಿಯರ ಹಾಗೆ. "ನಿಮ್ಮನ್ನ ನೋಡಬೇಕಾಗಿತ್ತು. ಈ ಮನಿ ಒಬ್ಬಾಕಿಗೆ ಭಾಳ ದೊಡ್ಡದಾಗೇತಿ."

ಆತ ಇಳಿಯಲಿಲ್ಲ, ತಿರುಗಲೂ ಇಲ್ಲ. ದನಿಯಷ್ಟೇ ಕೆಳಗೆ ಬಂತು.

"ಇದು ಎರಡು ದಿನದ ಕೆಲಸಾರೀ. ಐದು ದಿನ ಮಾಡೇನಿ. ನಿಮಗ ತಿಳೀಲಿಲ್ಲೇನು?"

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

"ಮುಂಡಗೋಡದ ಕಡೆ ಚಿಗಳ್ಳ್ಯಾಗ ನಮ್ಮವ್ವ ಅದಾಳ," ಎಂದ ಇಳಿದು ಬಂದು. "ಐತವಾರ ನನ್ನ ಜೋಡಿ ಬರ್ತೀರೇನು? ಆಕಿ ಮುಂದ ಹೇಳೂಣು."

ಐತವಾರ ಅವಳು ಅರ್ಧ ತಾಸು ಮೊದಲೇ ಬಸ್ ಸ್ಟ್ಯಾಂಡಿಗೆ ಬಂದಳು. ಆತ ಅದಕ್ಕೂ ಮುಂಚೆ ಬಂದು ಮುಂಡಗೋಡದ ಬಸ್ಸಿನಲ್ಲಿ ಸೀಟು ಹಿಡಿದು ಕೂತಿದ್ದ. ಬಸ್ಸು ಊರು ದಾಟಿ ಕಬ್ಬಿನ ಹೊಲಗಳ ನಡುವೆ ಬಂತು.

"ಎಷ್ಟು ಮಂದಿರಿ?" ಎಂದ ಕಂಡಕ್ಟರ್.

ಮಹಾಂತಪ್ಪ ಬಾಯಿ ತೆರೆಯುವ ಮೊದಲೇ ಶಂಕ್ರವ್ವ, ತರಗತಿಗೆ ಕೇಳುವಷ್ಟು ಗಟ್ಟಿಯಾಗಿ, ಹೇಳಿದಳು:

"ಇಬ್ಬರು."