ಏಳು ಸಲ ಕರೆದಳಂತೆ

ಸುಗತ ಅವಳ ಮುಂದೆ ಮೊದಲ ಸಲ ಬಂದು ನಿಂತದ್ದು ಜಗಳಕ್ಕೆ.

ಕೆ.ಆರ್. ಪುರದಾಚೆಯ ಒಂದು ಎಂಜಿನಿಯರಿಂಗ್ ಕಾಲೇಜಿನ ರಿಸರ್ಚ್ ಲ್ಯಾಬು. ಸಾಮಿಯಾ ಹಳೇ ಸ್ಕೂಟರಿನ ಮಡ್‌ಗಾರ್ಡನ್ನು ಮೇಜಿನ ಮೇಲೆ ಮಲಗಿಸಿಕೊಂಡು ಸುತ್ತಿಗೆಯಲ್ಲಿ ಬಾರಿಸುತ್ತಿದ್ದಳು. ಕಿವಿಯ ಮೇಲೆ ಎರಡು ದಪ್ಪ ಕಪ್ಪು ಮುಚ್ಚಳ, ಅದರಿಂದ ಲ್ಯಾಪ್‌ಟಾಪಿಗೆ ಒಂದು ವೈರು. ರೀಡಿಂಗ್ ಮುಗಿಯಲು ಇನ್ನೂ ಹತ್ತು ಏಟು ಬಾಕಿ ಇತ್ತು.

"ರೀ, ಇದು ಲ್ಯಾಬಾ, ಗ್ಯಾರೇಜಾ? ಮೇಲೆ ಕೂತು ಲೆಕ್ಕ ಮಾಡೋರು ಮನುಷ್ಯರಲ್ವಾ?"

ಅವಳು ತಲೆ ಎತ್ತಲಿಲ್ಲ. ಅವನು ಒಂದು ನಿಮಿಷ ನಿಂತು ನೋಡಿದ. ಆಮೇಲೆ ಗೋಡೆಗೆ ಹೇಳಿಕೊಳ್ಳುವವನ ಹಾಗೆ ಮೆಲ್ಲಗೆ ಅಂದ, "ಕಣ್ಣು ಮಾತ್ರ ದೇವ್ರು ಪುರುಸೊತ್ತಾಗಿ ಮಾಡಿದಾನೆ. ತಲೆ ಮಾಡೋವಾಗ ಏನೋ ಅರ್ಜೆಂಟಿತ್ತು ಅನ್ಸುತ್ತೆ."

ಹತ್ತನೇ ಏಟು ಬಿತ್ತು. ಸಾಮಿಯಾ ಸುತ್ತಿಗೆ ಕೆಳಗಿಟ್ಟು ಅವನ ಕಡೆ ತಿರುಗಿದಳು.

"ಕೇಳಿಸ್ತು."

"ಏನು?"

"ಎರಡೂ. ಕಣ್ಣಿಂದೂ, ತಲೇದೂ. ಈ ಮೆಷಿನ್ ಸುತ್ತಿಗೆ ಸದ್ದು ತಡೆದು ಮಾತು ಮಾತ್ರ ಒಳಗೆ ಬಿಡುತ್ತೆ. ಆದ್ರೆ ಮಾತು ಇನ್ನೂ ಗೊರಗೊರ ಅಂತಿದೆ. ಆ ‘ಅರ್ಜೆಂಟು’ ಸರಿಯಾಗಿ ಬರಲಿಲ್ಲ, ಇನ್ನೊಂದ್ಸಲ ಹೇಳ್ತೀರಾ?"

ಅವನ ಕಿವಿ ಎರಡೂ ಕೆಂಪಾದವು. ಆದರೆ ಓಡಿಹೋಗಲಿಲ್ಲ. ಸ್ಟೂಲೆಳೆದುಕೊಂಡು ಕೂತು, ಅವಳ ಸ್ಕ್ರೀನನ್ನು ನೋಡಿ, "ಗೊರಗೊರ ನಾನು ತೆಗೀತೀನಿ ಬಿಡಿ," ಅಂದ. ಮೂರನೇ ದಿನಕ್ಕೆ ತೆಗೆದೂ ಬಿಟ್ಟ. ಆ ಮೇಲೆ ಅವನ ಮಾತು ಅವಳ ಕಿವಿಗೆ ಎಷ್ಟು ತಿಳಿಯಾಗಿ ಬಂತೆಂದರೆ, ಉಸಿರೆಳೆದುಕೊಂಡದ್ದೂ ಕೇಳುತ್ತಿತ್ತು. ಅವಳು ಟೆಸ್ಟಿಂಗ್ ನೆಪದಲ್ಲಿ ಅವನ ಕೈಯಲ್ಲಿ ಏನೇನೋ ಓದಿಸಿದಳು. ಬಸ್ಸಿನ ಟೈಮ್‌ಟೇಬಲ್ಲನ್ನೂ ಬಿಡಲಿಲ್ಲ.

"ಐನೂರನೇ ನಂಬರಿನ ಬಸ್ಸು ಎಷ್ಟು ಹೊತ್ತಿಗೆ ಬಂದ್ರೆ ನಿನಗೇನು?" ಅಂತ ಅವನು ಕೊನೆಗೆ ಕೇಳಿದ. ನೀವು ಹೋಗಿ ನೀನು ಬಂದದ್ದು ಇಬ್ಬರಿಗೂ ಗೊತ್ತಾಯಿತು. ಇಬ್ಬರೂ ಗೊತ್ತಾಗದವರ ಹಾಗೆ ಕೆಲಸ ಮಾಡಿದರು.

ಸಾಮಿಯಾಳ ಅಬ್ಬಾ ಅನೀಸ್ ಶಿವಾಜಿನಗರದಲ್ಲಿ ಟಿಂಕರಿಂಗ್ ಕೆಲಸದವರು. ನಜ್ಜುಗುಜ್ಜಾದ ಕಾರಿನ ತಗಡನ್ನು ಬಡಿದು ಬಡಿದು ನೇರ ಮಾಡುವುದು. ಮೂವತ್ತು ವರ್ಷ ಬಡಿದ ಮೇಲೆ ತಗಡು ನೇರವಾಯಿತು, ಕಿವಿ ಹೋಯಿತು. ಅದನ್ನು ಅವರು ಯಾರಿಗೂ ಹೇಳುತ್ತಿರಲಿಲ್ಲ. ಗಿರಾಕಿಯ ತುಟಿ ನೋಡಿ ತಲೆಯಾಡಿಸುತ್ತಿದ್ದರು. ಹಿಯರಿಂಗ್ ಏಡ್ ಅಂದರೆ, "ಅದು ಮುದುಕರಿಗೆ," ಅನ್ನುತ್ತಿದ್ದರು. ಸಾದಾ ಇಯರ್‌ಪ್ಲಗ್ ಕೊಟ್ಟರೆ ವರ್ಕ್‌ಶಾಪಿನಲ್ಲಿ ಯಾರೂ ಹಾಕುತ್ತಿರಲಿಲ್ಲ. ‘ಹಿಡ್ಕೋ’, ‘ಬಿಡು’ ಅಂದದ್ದು ಕೇಳದಿದ್ದರೆ ಬೆರಳು ಹೋಗುತ್ತದೆ. ಅದಕ್ಕೇ ಸಾಮಿಯಾಳ ಯಂತ್ರ.

ಇದು ಅವಳು ಎಲ್ಲರಿಗೂ ಹೇಳುತ್ತಿದ್ದ ಕಾರಣ. ಹೇಳದ ಕಾರಣ ಇನ್ನೊಂದಿತ್ತು. ಅದನ್ನು ಅವಳು ಹಲಸೂರು ಕೆರೆಯ ಪಕ್ಕದ ಬೆಂಚಿನ ಮೇಲೆ, ಒಂದು ಸಂಜೆ, ಸುಗತನೊಬ್ಬನಿಗೆ ಹೇಳಿದಳು.

"ನಂಗೆ ಲೆಕ್ಕ ಬರುತ್ತೆ ಅಂತ ಮಾಡ್ತೀನಿ. ನನಗೇನೂ ಕಾರಣ ಇಲ್ಲ," ಅಂದಿದ್ದ ಅವನು. "ನೀನು ಮಾತ್ರ ಯಾರೋ ಅಟ್ಟಿಸ್ಕೊಂಡು ಬರ್ತಿರೋ ಹಾಗೆ ಮಾಡ್ತೀಯ. ಯಾಕೆ?"

ಅವಳು ಪಿಯುಸಿಯಲ್ಲಿದ್ದಾಗ, ಪುಲಿಕೇಶಿನಗರದ ಅವರ ಮನೆಯಲ್ಲಿ, ಅಮ್ಮಿ ಒಲೆಯ ಮೇಲೆ ಹಾಲಿಟ್ಟು ಎದೆ ಹಿಡಿದುಕೊಂಡು ಕೆಳಗೆ ಕೂತಳು. ಮುಂದಿನ ಕೋಣೆಯಲ್ಲಿ ಅಬ್ಬಾ ಪೇಪರು ಓದುತ್ತಿದ್ದರು. ಹಾಲು ಸೀದ ವಾಸನೆ ಬಂದಮೇಲೆ ಎದ್ದು ಬಂದರು. ಅಮ್ಮಿ ಆಸ್ಪತ್ರೆಯಲ್ಲಿ ಎರಡೇ ದಿನ ಬದುಕಿದ್ದಳು. ಎರಡನೇ ದಿನ ಸಾಮಿಯಾಳನ್ನು ಹತ್ತಿರ ಕರೆದು ಹೇಳಿದಳು: ನಾನು ನಿಮ್ಮ ಅಬ್ಬಾನ ಕರೆದೆ, ಅವರಿಗೆ ಕೇಳಿಸಲಿಲ್ಲ, ಇದನ್ನ ಅವರಿಗೆ ಯಾವತ್ತೂ ಹೇಳಬೇಡ.

"ಅಬ್ಬಾ ಇವತ್ತಿಗೂ ಎಲ್ರಿಗೂ ಒಂದೇ ಮಾತು ಹೇಳ್ತಾರೆ," ಅಂದಳು ಸಾಮಿಯಾ. "ಪಾಪ, ಶಮೀಮ್‌ಗೆ ಕೂಗೋಕೂ ಟೈಮ್ ಸಿಗಲಿಲ್ಲ ಅಂತ. ಆ ಒಂದು ಮಾತಿನ ಮೇಲೆ ಬದುಕಿದಾರೆ ಸುಗತ ಅವ್ರು."

ಅವನು ಅವಳ ಕೈಯನ್ನು ತನ್ನ ಎರಡು ಕೈಯಲ್ಲಿ ಇಟ್ಟುಕೊಂಡು ಕತ್ತಲಾಗುವವರೆಗೆ ಕೂತಿದ್ದ. ಹಾಗೆ ಸುಮ್ಮನಿದ್ದನಲ್ಲ, ಅದಕ್ಕೇ ಅವಳು ಸೋತಳು. ಮಾತು ಇವನ ಹತ್ತಿರ ಭದ್ರವಾಗಿರುತ್ತದೆ ಅಂದುಕೊಂಡಳು.

ಇಬ್ಬರಿಗೂ ಒಂದೇ ಭಯ ಇತ್ತು. ಇವಳು ಮುಸ್ಲಿಮರ ಹುಡುಗಿ, ಅವನು ಬೌದ್ಧರ ಹುಡುಗ. ಅವನ ತಾಯಿ ಮಂಜುಳಮ್ಮ ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನಲ್ಲಿ ತಳ್ಳುಗಾಡಿಯಲ್ಲಿ ಇಡ್ಲಿ ಮಾರಿ ಮಗನನ್ನು ಓದಿಸಿದವಳು. ಎರಡೂ ಮನೆಯವರು ಏನಂತಾರೋ, ಬೀದಿಯವರು ಏನಂತಾರೋ ಅಂತ ಆರು ತಿಂಗಳು ಮಸೀದಿ ರಸ್ತೆಯ ಹೋಟೆಲಿನಲ್ಲಿ ಟೀ ಕುಡಿಯುತ್ತಾ ಯೋಚಿಸಿದರು. ಕಾವಲೆಲ್ಲ ಮುಂಬಾಗಿಲಿಗೇ ಹಾಕಿದರು. ಹಿಂಬಾಗಿಲ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ.

ಅಷ್ಟರಲ್ಲಿ ಗ್ರಾಂಟಿನ ಮಾತು ಬಂತು. ಒಂದು ಟ್ರಸ್ಟಿನವರು ದುಡ್ಡು ಕೊಟ್ಟರೆ ಸಾವಿರ ಯಂತ್ರ ಮಾಡಿ ವರ್ಕ್‌ಶಾಪುಗಳಿಗೆ ಹಂಚಬಹುದಿತ್ತು. ಗೈಡ್ ಅಂಜನಮೂರ್ತಿ ಸರ್ ಇವರ ಪ್ರೆಸೆಂಟೇಶನ್ ನೋಡಿ ಮೂಗು ಮುರಿದರು.

"ಗ್ರಾಫ್ ಚೆನ್ನಾಗಿದೆ. ಆದ್ರೆ ‘ಯಾಕೆ’ ಸ್ಲೈಡ್ ಎಲ್ಲಮ್ಮಾ? ಜಡ್ಜ್‌ಗಳು ಗ್ರಾಫ್‌ಗೆ ಅಳಲ್ಲ."

ಈಗಿನ ಕಾಲ ಹಾಗೇ. ಯಂತ್ರ ಮಾಡಿದರೆ ಸಾಲದು, ಯಾಕೆ ಮಾಡಿದಿರಿ ಅಂತ ಕೇಳಿದವರ ಕಣ್ಣು ಒದ್ದೆಯಾಗುವ ಹಾಗೆ ಹೇಳಬೇಕು. ಮನೆಯ ನೋವನ್ನು ಮೂರು ನಿಮಿಷಕ್ಕೆ ಕತ್ತರಿಸಿ ತಂದವನೇ ಜಾಣ.

"ನಮ್ಮನೆ ವಿಷಯ ಹೇಳಲ್ಲ ಸರ್," ಅಂದಳು ಸಾಮಿಯಾ.

"ನಾನು ನೋಡ್ಕೋತೀನಿ ಬಿಡಿ ಸರ್," ಅಂದ ಸುಗತ. ಅವಳು ಅವನ ಕಡೆ ನೋಡಿದಳು, ಅವನು ಕಣ್ಣು ಮಿಟುಕಿಸಿದ. ಏನೋ ಅಂಕಿಅಂಶ ಹೊಂದಿಸುತ್ತಾನೆ ಅಂತ ಅವಳು ನೆಮ್ಮದಿಯಾಗಿ ಮನೆಗೆ ಹೋದಳು.

ಕಾರ್ಯಕ್ರಮ ಇಂದಿರಾನಗರದ ಒಂದು ಸಭಾಂಗಣದಲ್ಲಿ. ವರ್ಕ್‌ಶಾಪಿನವರೂ ಬರುತ್ತಾರೆ ಅಂತ ಕನ್ನಡದಲ್ಲೇ ಮಾತಾಡಬೇಕು ಅಂದಿದ್ದರು. ಯಂತ್ರವನ್ನು ಮೊದಲು ಬಳಸಿದವರು ಅಂತ ಅನೀಸ್ ಮುಂದಿನ ಸಾಲಿನಲ್ಲಿ ಕೂತಿದ್ದರು. ಇಸ್ತ್ರಿ ಮಾಡಿದ ಜುಬ್ಬಾ, ಕಿವಿಯ ಮೇಲೆ ಕಪ್ಪು ಮುಚ್ಚಳ. ಅವರ ಯಂತ್ರವನ್ನು ಸಾಮಿಯಾ ಬೇರೆಯಾಗಿಯೇ ಮಾಡಿದ್ದಳು, ಅದು ಮಾತನ್ನು ದೊಡ್ಡದಾಗಿಯೂ ಮಾಡುತ್ತಿತ್ತು. ಕೆಲಸದವರ ಸಾಮಾನು ಅಂತ ಅವರು ಅದನ್ನು ನಾಚಿಕೆಯಿಲ್ಲದೆ ಹಾಕಿಕೊಂಡಿದ್ದರು. ಪಕ್ಕದಲ್ಲಿ ಮಂಜುಳಮ್ಮ, ಮಡಿಲಲ್ಲಿ ಸ್ಟೀಲ್ ಡಬ್ಬಿ.

"ಎರಡು ಇಡ್ಲಿ ತಿನ್ನಿ ಅಣ್ಣಾ, ಪ್ರೋಗ್ರಾಮ್ ಲೇಟಾಗುತ್ತೆ."

ಅನೀಸ್ ಅವಳ ತುಟಿಯನ್ನೂ ನೋಡಿರಲಿಲ್ಲ. ಆದರೂ ಕೇಳಿಸಿತ್ತು. ಮಗುವಿನ ಹಾಗೆ ನಕ್ಕು, ವೇದಿಕೆಯ ಪಕ್ಕದಲ್ಲಿ ಡೆಮೊ ತೋರಿಸಲು ಸುತ್ತಿಗೆ ಹಿಡಿದು ನಿಂತಿದ್ದ ಮಗಳಿಗೆ ಕೈ ಬೀಸಿದರು. ಇನ್ನೇನು ಭಯ, ಇಬ್ಬರೂ ಒಪ್ಪಿಕೊಂಡ ಹಾಗೇ ಅಂತ ಸಾಮಿಯಾಳಿಗೆ ಅನಿಸಿತು. ಅವಳ ಜೀವನದಲ್ಲೇ ಅಷ್ಟು ಸಂತೋಷದ ನಿಮಿಷ ಇನ್ನೊಂದಿರಲಿಲ್ಲ.

ಸುಗತ ಮೈಕು ಹಿಡಿದ.

"ನಮ್ಮ ಅಜ್ಜಿ ಒಂದು ದಿನ ಒಲೆ ಮೇಲೆ ಹಾಲಿಟ್ರು," ಅಂತ ಶುರು ಮಾಡಿದ.

ಸಾಮಿಯಾಳ ಕೈಯಲ್ಲಿ ಸುತ್ತಿಗೆ ಭಾರವಾಯಿತು. ಅವನ ಕಥೆಯಲ್ಲಿ ಅಜ್ಜಿ ಎದೆ ಹಿಡಿದುಕೊಂಡು ಕೂತರು. ತಾತ ಮುಂದಿನ ಕೋಣೆಯಲ್ಲಿ ಪೇಪರು ಓದುತ್ತಿದ್ದರು, ಜೀವನವೆಲ್ಲ ಸುತ್ತಿಗೆ ಹಿಡಿದ ತಾತ. "ಅಜ್ಜಿ ಕರೆದ್ರು. ಒಂದ್ಸಲ ಅಲ್ಲ, ಏಳು ಸಲ. ಏಳು ಸಲ ಗಂಡನ ಹೆಸರು ಹಿಡಿದು ಕರೆದ್ರು. ಹತ್ತು ಹೆಜ್ಜೆ ದೂರದಲ್ಲಿದ್ದ ತಾತನಿಗೆ ಕೇಳಿಸಲಿಲ್ಲ. ಕೊನೆಗೆ ಅವರನ್ನ ಎಬ್ಬಿಸಿದ್ದು ಸೀದ ಹಾಲಿನ ವಾಸನೆ."

ಒಬ್ಬ ಜಡ್ಜು ಕನ್ನಡಕ ತೆಗೆದು ಒರೆಸಿಕೊಂಡರು. ಚಪ್ಪಾಳೆ ನಿಲ್ಲಲೇ ಇಲ್ಲ.

ಸಾಮಿಯಾ ಅಬ್ಬಾನ ಮುಖ ನೋಡಿದಳು. ಅವರು ಚಪ್ಪಾಳೆ ತಟ್ಟುತ್ತಿರಲಿಲ್ಲ. ಇಡ್ಲಿಯ ತುಂಡು ಕೈಯಲ್ಲೇ ಇತ್ತು. ಅವಳು ಓಡಿ ಹತ್ತಿರ ಹೋಗುವಷ್ಟರಲ್ಲಿ ಮಂಜುಳಮ್ಮ ಏನೂ ಅರಿಯದೆ ಅವರ ಕಿವಿಯ ಹತ್ತಿರ ಬಾಗಿದ್ದಳು.

"ಇದ್ಯಾವ ಅಜ್ಜಿ ಕಥೆ ಹೇಳ್ದ ಇವ್ನು? ನಮ್ಮತ್ತೆ ತೊಂಬತ್ತಕ್ಕೆ ನಿದ್ದೇಲಿ ಹೋದ್ರು ಅಣ್ಣಾ. ನಮ್ಮ ಮಾವಂಗಂತೂ ಇರುವೆ ನಡೆದ್ರೂ ಕೇಳಿಸೋದು. ಓದಿದೋರು ಏನೇನೋ ಸೇರಿಸ್ತಾರೆ ಬಿಡಿ."

ಅದೂ ಅನೀಸರಿಗೆ ಸ್ಪಷ್ಟವಾಗಿ ಕೇಳಿಸಿತು. ಮಗಳ ಯಂತ್ರ ಅಷ್ಟು ಚೆನ್ನಾಗಿ ಕೆಲಸ ಮಾಡುತ್ತಿತ್ತು.

ಅವರು ಎದ್ದು, ಡಬ್ಬಿಯನ್ನು ಮಂಜುಳಮ್ಮನಿಗೆ ಮರ್ಯಾದೆಯಿಂದ ವಾಪಸು ಕೊಟ್ಟು, ಹೊರಗೆ ನಡೆದರು.

ಸುಗತ ಕಾರಿಡಾರಿನಲ್ಲಿ ಸಿಕ್ಕ. ಮುಖ ಅರಳಿತ್ತು. "ಸಿಕ್ತು ಸಾಮಿಯಾ! ಸಾವಿರ ಪೀಸು! ಇವತ್ತೇ ನಿಮ್ಮ ಅಬ್ಬಾ ಹತ್ರ ನಮ್ಮಿಬ್ಬರ ವಿಷಯ ಮಾತಾಡ್ತೀನಿ. ನಂಗೆ ನೀನಿಲ್ದೆ ಆಗಲ್ಲ, ಇಷ್ಟು ದಿನ ಹೇಳಿಲ್ಲ ಅಷ್ಟೇ."

ಎಂಟು ತಿಂಗಳಿಂದ ಅವಳು ಕಾದಿದ್ದ ಮಾತು ಅದು.

"ನೀನು ಆಗ್ಲೇ ಅವ್ರ ಹತ್ರ ಮಾತಾಡ್ಬಿಟ್ಟೆ ಸುಗತ," ಅಂದಳು.

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಮುಖದ ಬಣ್ಣ ಇಳಿಯಿತು. "ಹೆಸರು ಹೇಳಿಲ್ವಲ್ಲ... ನಮ್ಮಜ್ಜಿ ಅಂತ ಹೇಳ್ದೆ. ನಿಂಗೆ ಕಷ್ಟ ಆಗ್ಬಾರ್ದು ಅಂತಾನೇ ನನ್ನ ಮೇಲೆ ಹಾಕ್ಕೊಂಡೆ."

"ಏಳು ಸಲ ಅಂತ ಯಾರು ಹೇಳಿದ್ರು ನಿಂಗೆ?"

ಅವನು ನೆಲ ನೋಡಿದ. "ಕರೆದ್ರು ಅಂದ್ರೆ ಸಾಲಲ್ಲ ಅನ್ನಿಸ್ತು."

"ಸಾಲಲ್ಲ?"

"ಎಲ್ರಿಗೂ ಒಂದು ಕಾರಣ ಇರುತ್ತೆ ಸಾಮಿಯಾ. ನಿಂಗಿದೆ. ನಂಗೇನಿದೆ? ಆ ಮೈಕ್ ಮುಂದೆ ನಿಂತಾಗ ಅದು ನಂದೇ ಅನ್ನಿಸ್ತು. ಸತ್ಯವಾಗ್ಲೂ ನಂದೇ ಅನ್ನಿಸ್ತು."

ಅವನು ಕೆಟ್ಟವನಾಗಿದ್ದರೆ ಎಷ್ಟು ಸುಲಭವಾಗುತ್ತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ. ಇಲ್ಲಿ ಮಾತು ಆಡಿದವಳು ಅವಳೇ. ಕೆರೆಯ ಪಕ್ಕ, ಪ್ರೀತಿಯಲ್ಲಿ. ಆ ಸಿಟ್ಟು ಅವನ ಮೇಲಿನ ಸಿಟ್ಟಿಗಿಂತ ದೊಡ್ಡದಿತ್ತು.

ಮನೆಯಲ್ಲಿ ಅಬ್ಬಾ ಯಂತ್ರ ತೆಗೆದಿರಲಿಲ್ಲ. ಮಂಚದ ಅಂಚಿಗೆ ಕೂತು ಮನೆಮಾತು ದಖನಿಯಲ್ಲಿ ಮೆಲ್ಲಗೆ ಕೇಳಿದರು.

"ಏಳು ಸಲ ಕರೆದಳಾ ಬೇಟಾ?"

"ಇಲ್ಲ ಅಬ್ಬಾ. ಅದು ಅವನು ಸೇರಿಸಿದ್ದು. ಸುಳ್ಳು."

"ಹಾಗಾದರೆ ಎಷ್ಟು ಸಲ?"

ಕರೆದೇ ಇಲ್ಲ ಅನ್ನಬಹುದಿತ್ತು. ಅನ್ನಬೇಕು ಅಂತಲೇ ಅವಳು ಬಾಯಿ ತೆರೆದಳು. ಆದರೆ ಅವರು ವರ್ಷಗಟ್ಟಲೆ ತುಟಿ ಓದಿದ ಮನುಷ್ಯ, ಅವಳ ತುಟಿಯನ್ನೇ ನೋಡುತ್ತಿದ್ದರು.

"ಗೊತ್ತಿಲ್ಲ ಅಬ್ಬಾ. ಅಮ್ಮಿ ಎಣಿಸಿ ಹೇಳಲಿಲ್ಲ."

ಅವರು ತಲೆಯಾಡಿಸಿದರು. ಗಿರಾಕಿಗಳ ಮುಂದೆ ಆಡಿಸುತ್ತಿದ್ದರಲ್ಲ, ಹಾಗೇ.

ಹತ್ತು ದಿನ ಬಿಟ್ಟು ಭಾನುವಾರ ಸುಗತ ಮನೆಗೆ ಬಂದ. ಗಡ್ಡ ಬಂದಿತ್ತು, ಕಣ್ಣು ಒಳಗೆ ಹೋಗಿತ್ತು. ಅನೀಸರ ಕಾಲು ಮುಟ್ಟಲು ಬಾಗಿದರೆ ಅವರು ಹಿಡಿದು ಎಬ್ಬಿಸಿ ಕುರ್ಚಿ ತೋರಿಸಿದರು.

"ಅಂಕಲ್, ನನ್ನಿಂದ ತಪ್ಪಾಯ್ತು."

"ಕೂತ್ಕೋ ಅಪ್ಪಾ. ನೀನು ಮಾಡಿದ್ದು ಮೆಷಿನು, ಒಳ್ಳೇ ಮೆಷಿನು. ನಮ್ಮ ರಸ್ತೇಲಿ ಎಲ್ಲಾರೂ ಕೇಳ್ತಾವ್ರೆ." ಅನೀಸ್ ಕನ್ನಡದಲ್ಲಿ ನಿಧಾನವಾಗಿ ಮಾತಾಡಿದರು. "ಸಾಮಿಯಾ ಮನಸ್ಸು ನಂಗೆ ಗೊತ್ತು. ಅವಳು ಹೂಂ ಅಂದ್ರೆ ನನ್ನ ಕಡೆಯಿಂದ ಏನೂ ಅಡ್ಡಿ ಇಲ್ಲ. ಬೀದಿಯವರಿಗೆ ನಾನು ಹೇಳ್ಕೋತೀನಿ. ಹೋಗು, ಅವಳನ್ನ ಕೇಳು."

ಸುಗತ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಸಾಮಿಯಾ ಟೀ ಸೋಸುತ್ತಿದ್ದಳು. ಅವನ ನೋಟ ಹಳೆಯದೇ. ಅವಳ ಎದೆ ಹಾರಿದ್ದೂ ಹಳೆಯ ಹಾಗೇ. ಅದು ಅವಳಿಗೆ ಕಹಿ ಅನಿಸಿತು.

"ಕೇಳಿಸ್ತಾ?" ಅಂದ.

"ಕೇಳಿಸ್ತು."

ಅವಳು ಲೋಟ ಇಡುವಾಗ ಅದು ತಟ್ಟೆಗೆ ತಾಗಿ ಸಣ್ಣಗೆ ಸದ್ದಾಯಿತು. ಮುಂದಿನ ಕೋಣೆಯಲ್ಲಿ ಕುರ್ಚಿ ಸರಿಯಿತು. ಅನೀಸ್ ಓಡಿಬಂದ ಹಾಗೆ ಬಂದರು. ಕಿವಿಯ ಮೇಲೆ ಯಂತ್ರ, ಬಾಗಿಲ ಚೌಕಟ್ಟಿನ ಮೇಲೆ ಕೈ.

"ಕರೆದೆಯಾ ಬೇಟಾ?"

"ಇಲ್ಲ ಅಬ್ಬಾ. ಲೋಟ."

"ಹಾಂ, ಲೋಟ," ಅಂದು ಅವರು ವಾಪಸು ಹೋದರು.

ಸುಗತ ಗೋಡೆಗೆ ಒರಗಿಕೊಂಡ. "ಎಷ್ಟು ದಿನದಿಂದ ಹೀಗೆ?"

"ಅವತ್ತಿನಿಂದ. ರಾತ್ರಿನೂ ತೆಗೆಯಲ್ಲ. ನಲ್ಲಿ ತೊಟ್ಟಿಕ್ಕಿದ್ರೂ ಎದ್ದು ಬರ್ತಾರೆ."

ಅವನ ಕಣ್ಣು ತುಂಬಿತು. ಅವಳಿಗೆ ಅದನ್ನು ಒರೆಸಬೇಕು ಅನಿಸಿತು. ಒರೆಸಲಿಲ್ಲ.

"ನಿನ್ನ ಮೇಲೆ ಪ್ರೀತಿ ಹೋಗಿಲ್ಲ ಸುಗತ. ಹೋಗಿದ್ರೆ ಚೆನ್ನಾಗಿತ್ತು. ಆದ್ರೆ ಗಂಡ ಅಂದ್ಮೇಲೆ ದಿನಾ ಮನೆಗೆ ಬಂದು ಅವನ ಹತ್ರ ಮನಸ್ಸಲ್ಲಿರೋದು ಹೇಳ್ಕೋಬೇಕು. ನಾನು ನಿಂಗೆ ಇನ್ನೇನು ಹೇಳ್ಲಿ? ಹೇಳೋಕ್ ಮುಂಚೆ ದಿನಾ ಯೋಚನೆ ಮಾಡ್ಲಾ, ಇದನ್ನ ಯಾರ ಮುಂದೆ ಹೇಳ್ತಾನೋ, ಎಷ್ಟು ಸಲ ಸೇರಿಸ್ತಾನೋ ಅಂತ?"

"ಇನ್ನೊಂದ್ಸಲ ಎಲ್ಲೂ ಹೇಳಲ್ಲ. ಆಣೆ."

"ಗೊತ್ತು. ನಂಬ್ತೀನಿ. ನಂಬಿದ್ರೂ ಹೇಳೋಕೆ ನಂಗೆ ಬಾಯಿ ಬರಲ್ಲ."

ಟೀ ಆರುತ್ತಿತ್ತು. ಅವಳು ಲೋಟ ಅವನ ಕೈಗೆ ಕೊಟ್ಟಳು. ಬೆರಳು ತಾಗಿದವು, ಇಬ್ಬರೂ ಒಂದು ಕ್ಷಣ ಹಾಗೇ ಬಿಟ್ಟರು. ಅವನು ನಿಂತೇ ಕುಡಿದ, ಪೂರ್ತಿ ಕುಡಿದ, ಲೋಟವನ್ನು ಸದ್ದಾಗದ ಹಾಗೆ ಕಟ್ಟೆಯ ಮೇಲಿಟ್ಟ. ಅನೀಸರಿಗೆ ಕೈ ಮುಗಿದು ಮೆಟ್ಟಿಲಿಳಿದು ಹೋದ.

ಅವನು ರಸ್ತೆಯ ತಿರುವು ದಾಟುವವರೆಗೆ ಸಾಮಿಯಾ ಕಿಟಕಿಯಲ್ಲಿ ನಿಂತು ನೋಡಿದಳು. ಆಮೇಲೆ ಅಲ್ಲೇ ನೆಲಕ್ಕೆ ಕೂತು ಬಾಯಿಗೆ ವೇಲು ಒತ್ತಿಕೊಂಡು ಅತ್ತಳು. ಎಷ್ಟು ಒತ್ತಿಕೊಂಡರೂ ಬಿಕ್ಕು ಒಂದು ಹೊರಗೆ ಬಂತು.

"ಬಂದೆ ಬೇಟಾ," ಅಂತ ಅಬ್ಬಾ ಮುಂದಿನ ಕೋಣೆಯಿಂದ ಎದ್ದರು. "ಕೇಳಿಸ್ತು. ಬಂದೆ."