ಒದ್ದೆ ಮರಳಿನ ಮಡಕೆ

1984ರ ಏಪ್ರಿಲ್ 9, ಸೋಮವಾರ ಬೆಳಿಗ್ಗೆ 9.20ಕ್ಕೆ ಡಾಕ್ಟರ್ ಚನ್ನಕೇಶವ ಯಲಹಂಕ ಠಾಣೆಗೆ ದೂರು ತಂದರು. ಸಕ್ಕರೆ ಕಾಯಿಲೆಯವರಿಗೆ ಪಾಠ ಹೇಳಿಕೊಡುವ ಅವರ ಕೇಂದ್ರದ ಫ್ರಿಜ್‌ನಿಂದ ಹನ್ನೆರಡು ಸೀಸೆ ಇನ್ಸುಲಿನ್ ಕಳುವಾಗಿತ್ತು. ಭಾನುವಾರ ಮಧ್ಯಾಹ್ನ ಯಾರೋ ಹಿಂಬಾಗಿಲ ತಿರುಪು ಬಿಚ್ಚಿ ಒಳಗೆ ಹೋಗಿದ್ದರು. ಇನ್ಸ್‌ಪೆಕ್ಟರ್ ಸಿದ್ರಾಮಪ್ಪ ಕಲಂ 454, 380ರಡಿ ಎಫ್‌ಐಆರ್ ದಾಖಲಿಸಿದರು. ಧಾರವಾಡದ ಕಡೆಯಿಂದ ಬಂದು ಹನ್ನೊಂದು ವರ್ಷ ಬೆಂಗಳೂರಿನ ಕಳ್ಳರನ್ನು ಹಿಡಿದಿದ್ದ ಅವರಿಗೆ ಈ ಕಳ್ಳ ಅರ್ಥವಾಗಲಿಲ್ಲ. ಟೈಪ್‌ರೈಟರು, ಗೋಡೆ ಗಡಿಯಾರ ಎಲ್ಲ ಇದ್ದಲ್ಲೇ ಇದ್ದವು.

"ಈ ಔಷಧ ಅಂಗಡ್ಯಾಗ ಸಿಗೂದಿಲ್ಲೇನ್ರಿ?"

"ಮೂರು ವಾರದಿಂದ ಸಿಟೀಲೆಲ್ಲೂ ಸ್ಟಾಕ್ ಇಲ್ಲ. ನನ್ನ ಅಧ್ಯಯನಕ್ಕೆ ಅಂತ ಬೇರೆಯಾಗಿ ಬರುತ್ತೆ. ಅದನ್ನೇ ನಂಬಿ ಮೂವತ್ತೆರಡು ಜನ ಇದ್ದಾರೆ. ಗುರುವಾರಕ್ಕೆ ಉಳಿದಿದ್ದೂ ಖಾಲಿ."

"ಈ ಬಿಸಲಾಗ ಕದ್ದಾಂವ ಎಲ್ಲಿಡತಾನ? ಕೆಡೂದಿಲ್ಲೇನು?"

ಡಾಕ್ಟರು ತಾವೇ ಬರೆದ ಕಿರುಪುಸ್ತಕ ತೆರೆದು ತೋರಿಸಿದರು. ಫ್ರಿಜ್ ಇಲ್ಲದವರು ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ ಇಟ್ಟು, ನಡುವೆ ಒದ್ದೆ ಮರಳು ತುಂಬಿ, ಸೀಸೆಯನ್ನು ಅದರಲ್ಲಿ ಇಡಬೇಕು. ಈ ಉಪಾಯದ ಬಗ್ಗೆ ಅವರ ಪ್ರಬಂಧ ವಿದೇಶದ ಪತ್ರಿಕೆಯಲ್ಲೂ ಅಚ್ಚಾಗಿತ್ತು. ಆ ಮಾತು ಹೇಳುವಾಗ, ಕಳವಿನ ಚಿಂತೆಯಲ್ಲೂ, ಅವರ ಬೆನ್ನು ನೆಟ್ಟಗಾಯಿತು.

ಕಾನ್ಸ್‌ಟೇಬಲ್ ಹನುಮಯ್ಯ ಸಂಜೆ 4 ಗಂಟೆಗೆ ಕೇಂದ್ರದ ಎದುರೇ ಮಡಕೆ ಮಾರುವ ಮಾರಕ್ಕನನ್ನು ವಿಚಾರಿಸಿದ. ಅಂಥ ಜೋಡಿ ಮಡಕೆ ಮಾರಿದಾಗಲೆಲ್ಲ ಅವಳು ಗೋಡೆಗೆ ಇದ್ದಿಲಿನ ಗೀಟು ಎಳೆಯುತ್ತಿದ್ದಳು. ಹನುಮಯ್ಯ ಎರಡು ಸಲ ಎಣಿಸಿದ. ಮೂವತ್ಮೂರು.

"ಡಾಕ್ಟರ ಕಡೇರು ಮೂವತ್ತೆರಡೇ, ಒಂದು ಜಾಸ್ತಿ ಐತಲ್ಲಮ್ಮ. ಯಾರ್ದು?"

"ಕದಿರಪ್ಪಂದು. ಉಣಸಮಾರನಳ್ಳಿ ಬಡಗಿ. ಒಳೀಕ್ ಸೇರಿಸ್ಲಿಲ್ಲ, ಪಾಪ, ಕಿಟಕಿ ಆಚೆ ನಿಂತ್ಕಂಡೇ ಪಾಠ ಕೇಳೋನು. ಯಾಕೆ, ಏನಾಯ್ತು?"

ಮಂಗಳವಾರ ಬೆಳಿಗ್ಗೆ 6.15ಕ್ಕೆ ಸಿದ್ರಾಮಪ್ಪ, ಹನುಮಯ್ಯ, ಇಬ್ಬರು ಪಂಚರು ಮತ್ತು ಮಾಲು ಗುರುತಿಸಲು ಬಂದ ಡಾಕ್ಟರು ಕದಿರಪ್ಪನ ಮನೆ ಮುಂದೆ ಇಳಿದರು. ಬಾಗಿಲು ತೆರೆದೇ ಇತ್ತು. ಒಲೆಯ ಮೇಲೆ ಗಾಜಿನ ಸಿರಿಂಜು ಕುದಿಯುತ್ತಿತ್ತು. ಕದಿರಪ್ಪ ಓಡಲಿಲ್ಲ.

"ಐದು ನಿಮ್ಸ ಬಿಡಿ ಸಾರ್. ಮಗೀಗೆ ಸೂಜಿ ಒತ್ತಾಗೈತೆ."

ಹದಿನಾಲ್ಕರ ಯಲ್ಲಮ್ಮ ಚಾಪೆಯ ಮೇಲೆ ಕೂತಿದ್ದಳು. ತಾಯಿ ಇಲ್ಲದ ಮನೆ. ಮೂಲೆಯ ಮಡಕೆಯಲ್ಲಿ ಹನ್ನೆರಡೂ ಸೀಸೆ ತಣ್ಣಗಿದ್ದವು, ಬಳಸಿದ್ದು ಒಂದನ್ನು ಮಾತ್ರ.

"ಡಾಕ್ಟರನ್ನ ಕೇಳಬೇಕಿತ್ತಲ್ಲೋ," ಎಂದರು ಸಿದ್ರಾಮಪ್ಪ.

"ಕಾಲು ಇಡ್ಕಂಡು ಕೇಳ್ದೆ ಸಾರ್. ನಲವತ್ತು ದಾಟಿದೋರ್ಗೆ ಮಾತ್ರ, ರೂಲ್ಸು ಅಂದ್ರು."

ಡಾಕ್ಟರ ಮುಖ ಬಿಳಿಚಿಕೊಂಡಿತು. "ಅಧ್ಯಯನದ ನಿಯಮ ಹಾಗಿದೆ," ಎಂದರು.

ಕದಿರಪ್ಪ ಔಷಧ ಎಳೆದುಕೊಂಡ. ಆಮೇಲೆ ಏನೋ ಹೊಳೆದವನಂತೆ ಸಿರಿಂಜನ್ನು ಮಗಳ ಕೈಗೇ ಕೊಟ್ಟ. "ಇವತ್ತಿಂದ ನೀನೇ ಆಕ್ಕೋಬೇಕು ಕಣವ್ವ."

"ನಂಗೆ ಆಗಾಕಿಲ್ಲಪ್ಪ."

"ಆಗ್ತದೆ. ನನ್ ಕಡೆ ನೋಡ್ಬೇಡ, ಸಿರಿಂಜಿನ ಗೀಟು ನೋಡು."

ಅವಳು ಬಿಕ್ಕುತ್ತಲೇ ತೊಡೆಗೆ ಚುಚ್ಚಿಕೊಂಡಳು.

ಮಾಲು ಡಾಕ್ಟರ ವಶಕ್ಕೆ ಹೋಗಬೇಕು. "ಇದಿಷ್ಟೂ ಈ ಹುಡುಗಿಗೇ ಬಿಟ್ಟರ ಏನಾಗತೈತ್ರಿ?" ಎಂದು ಸಿದ್ರಾಮಪ್ಪ ತಗ್ಗಿದ ದನಿಯಲ್ಲಿ ಕೇಳಿದರು.

"ಗುರುವಾರ ಬೇರೆಯವರು ಬಂದು ಬಾಗಿಲಲ್ಲಿ ನಿಲ್ತಾರೆ. ಅವರಿಗೆ ಏನು ಹೇಳಲಿ?" ಡಾಕ್ಟರು ಬಳಸಿದ ಸೀಸೆಯನ್ನು ಮತ್ತೆ ಮಡಕೆಯೊಳಗೆ ಇಟ್ಟರು. "ತೆರೆದಿರೋದು ಇರಲಿ. ಹತ್ತು ದಿನ ಬರುತ್ತೆ."

7.10ಕ್ಕೆ ಪಂಚನಾಮೆ ಮುಗಿಯಿತು. ಹನ್ನೊಂದು ಸೀಸೆ ಜಪ್ತಿಯಾಯಿತು, ಒಂದನ್ನು ದೂರುದಾರರ ಒಪ್ಪಿಗೆಯ ಮೇಲೆ ಸ್ಥಳದಲ್ಲೇ ಬಿಡಲಾಯಿತು. ಕೇಸ್ ಡೈರಿಯಲ್ಲಿ ಕೃತ್ಯದ ಕಾರಣ ಬರೆಯುವ ಕಡೆ ಸಿದ್ರಾಮಪ್ಪ "ಮಗಳನ್ನು ಉಳಿಸಿಕೊಳ್ಳಲು" ಎಂದಷ್ಟೇ ಬರೆದರು.

ಮಗಳನ್ನು ಬಾಗಿಲಲ್ಲೇ ಬಿಟ್ಟು ಜೀಪು ಹೊರಟ ಮೇಲೆ, ಒಳಗೆ ಕೂತಿದ್ದ ಕದಿರಪ್ಪ ಕೇಳಿದ.

"ಅತ್ತು ದಿನದಾಗೆ ಬಿಡ್ತಾರಾ ಸಾರ್?"

ಜಾಮೀನಿಗೆ ನಿಲ್ಲುವವರಿಲ್ಲದ ಆರೋಪಿಯನ್ನು ಎಷ್ಟು ದಿನಕ್ಕೆ ಬಿಡುತ್ತಾರೆಂದು ಸಿದ್ರಾಮಪ್ಪನವರಿಗೆ ಚೆನ್ನಾಗಿ ಗೊತ್ತಿತ್ತು. ಅವರು ಡ್ರೈವರನಿಗೆ ಇನ್ನೂ ನಿಧಾನ ಹೋಗು ಎಂದರು.